ಅತ್ತೆಯ ಹಂಡೆ, ಮಾವನ ಹೊಗೆ

ನಮ್ಮ ಮಾವನ ಕೈಗೆ ತೂತು ಕೊರೆಯುವ ಮೆಷಿನ್ ಕೊಡಬಾರದು ಎಂದು ನಮ್ಮ ಗಡಿಯೂರು ಚೇಕಾಡಿಯಲ್ಲಿ ಇನ್ನೂ ಕಾನೂನು ಬಂದಿಲ್ಲ. ಬರಬೇಕು. ಪಂಚಾಯಿತಿಗೆ ಅರ್ಜಿ ಬರೆಯಲು ನಾನೇ ತಯಾರಿದ್ದೇನೆ, ಮಲಯಾಳದಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ! ಕಾಫಿ ಗಿಡಕ್ಕೆ ಔಷಧಿ ಹೊಡೆಯುವ ಕ್ಯಾನಿಗೆ ತೂತು ಹಾಕಿ ಸ್ನಾನದ ಶವರ್ ಮಾಡಿದ ಮನುಷ್ಯ ಇವರು. ಅದರ ಕೆಳಗೆ ಒಮ್ಮೆ ನಿಂತದ್ದಕ್ಕೆ ಮೂರು ದಿನ ಅವರ ಮೈಮೇಲೆ ಸೊಳ್ಳೆ ಕೂರಲಿಲ್ಲ. ಅದನ್ನೂ ತಮ್ಮ ಸಾಧನೆ ಎಂದೇ ಹೇಳಿಕೊಂಡರು.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಬೇಲಿಯ ಆಚೆ ಅವರ ಮನೆ, ಈಚೆ ನಮ್ಮದು. ಅವರು ಮಾಡುವುದೆಲ್ಲ ನನಗೆ ಕಾಣುತ್ತದೆ, ಕಾಣದಿದ್ದರೆ ಕೇಳುತ್ತದೆ.

ಹೋದ ವರ್ಷ ಅತ್ತೆಗೆ ಜ್ವರ ಬಂತು. ಜ್ವರವೇನೋ ಹೋಯಿತು, ಹೋಗುವಾಗ ವಾಸನೆಯನ್ನೂ ಗಂಟುಕಟ್ಟಿಕೊಂಡು ಹೋಯಿತು. ಒಗ್ಗರಣೆ ಸೀದರೂ ಅವರಿಗೆ ಗೊತ್ತಾಗುವುದಿಲ್ಲ. ಮೂಗಿನಲ್ಲೇ ಸಾರಿನ ಹದ ನೋಡುತ್ತಿದ್ದ ಹೆಂಗಸು "ಮಣ್ಣು ತಿಂದ ಹಾಗೆ ಆಗ್ತದೆ" ಎಂದು ಎರಡು ತುತ್ತಿಗೇ ಕೈ ತೊಳೆಯತೊಡಗಿದರು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಡಾಕ್ಟರು "ವಾಸನೆ ಬಂದರೂ ಬರಬಹುದು, ಕಾಯಿರಿ" ಎಂದರು. ಕಾಯುವುದು ಮಾವನ ಜಾತಕದಲ್ಲೇ ಇಲ್ಲ.

"ಮೋಳೆ, ಮೂಗು ಕೆಟ್ಟಿಲ್ಲ, ಕದ ಹಾಕಿಕೊಂಡದೆ ಅಷ್ಟೆ. ಜೋರಾಗಿ ತಟ್ಟಿದ್ರೆ ತೆಗೀತದೆ" ಎಂದರು ನನಗೆ. ಮೋಳೆ ಎಂದರೆ ಮಲಯಾಳದಲ್ಲಿ ಮಗಳು.

"ಯಾವುದರಲ್ಲಿ ತಟ್ತೀರಿ ಮಾವ?"

"ಹೊಗೆಯಲ್ಲಿ."

ಅತ್ತೆಯ ತವರಿನಲ್ಲಿ ಒಲೆಯ ಮೇಲೆ ಬಿದಿರಿನ ತಟ್ಟಿ ಕಟ್ಟಿ, ಅದರ ಮೇಲೆ ಹೊಳೆಮೀನು ಇಡುತ್ತಿದ್ದರಂತೆ. ಹೊಗೆ ಕುಡಿದ ಆ ಮೀನಿನ ವಾಸನೆಗೇ ಹಸಿವು ಕೆರಳುತ್ತಿತ್ತು ಎಂದು ಅತ್ತೆ ನೂರು ಸಲ ಹೇಳಿದ್ದಾರೆ. ಈಗ ಅವರ ಅಡುಗೆಮನೆಯಲ್ಲಿ ಗ್ಯಾಸು, ಗೋಡೆಗೆಲ್ಲ ಟೈಲ್ಸು. ಹೊಗೆಗೆ ಪ್ರವೇಶವೇ ಇಲ್ಲ. ಮಾವ ಫೋನಿನಲ್ಲಿ ಹುಡುಕಿ, ಡ್ರಮ್ಮಿನೊಳಗೆ ಮಾಂಸಕ್ಕೆ ಹೊಗೆ ಕೊಡುವ ಯಾರೋ ಬಿಳಿ ದೊರೆಯ ವೀಡಿಯೋ ಹಿಡಿದರು. ಅವನ ಮಾತು ಅರ್ಥವಾಗಲಿಲ್ಲ, ಅವನು ಹಾಕಿದ ತೂತು ಅರ್ಥವಾಯಿತು.

ಮನೆಯಲ್ಲಿ ಡ್ರಮ್ಮು ಇರಲಿಲ್ಲ. ಇದ್ದದ್ದು ಅತ್ತೆಯ ತವರಿನಿಂದ ಬಂದ, ಭತ್ತ ಬೇಯಿಸುವ ತಾಮ್ರದ ಹಂಡೆ. ಈಗ ಭತ್ತ ಬೇಯುವುದೆಲ್ಲ ಮಿಲ್ಲಿನಲ್ಲಾದ್ದರಿಂದ ಅದರೊಳಗೆ ಒಂದು ಕೋಳಿ ಕಾವಿಗೆ ಕೂತಿತ್ತು. ಮಾವ ಕೋಳಿಯನ್ನು ಮೊಟ್ಟೆ ಸಮೇತ ಬುಟ್ಟಿಗೆ ವರ್ಗ ಮಾಡಿ, ಹಂಡೆಯ ತಳದಲ್ಲಿ ಗಾಳಿಗೆಂದು ನಾಲ್ಕು ತೂತು ಕೊರೆದರು. ಸದ್ದಿಗೆ ಅತ್ತೆ ಹೊರಗೆ ಬಂದರು.

"ಯಾರನ್ನ ಕೇಳಿ ತೂತು ಹಾಕಿದ್ರಿ?"

"ಅದು ಸುಮ್ನೆ ಕೂತಿತ್ತು."

"ನೀವೂ ಸುಮ್ನೆ ಕೂತಿರ್ತೀರಿ. ನಾನು ತೂತು ಹಾಕಿದ್ನಾ?"

ಆದರೂ ಕೆಲಸ ನಿಲ್ಲಲಿಲ್ಲ. ಹಳೇ ಸೈಕಲ್ಲಿನ ಕಡ್ಡಿಗಳನ್ನು ಹೆಣೆದು ಹಂಡೆಯ ಮಧ್ಯಕ್ಕೆ ಜಾಲರಿ ಬಂತು. ಮುಚ್ಚಳಕ್ಕೆ? ಮನೆ ಮೇಲಿನ ಟೀವಿಯ ಡಿಶ್ ಇಳಿಯಿತು. ಡೈರಿಗೆ ಹಾಲು ಹಾಕಲು ಹೋಗುತ್ತಿದ್ದ ಆಚೆ ಮನೆಯ ಮಲಯಾಳಿಯೊಬ್ಬರು ನಿಂತು ನೋಡಿ, "ಚೇಟ್ಟಾ, ಮೀನಿಗೆ ಎಷ್ಟು ಚಾನೆಲ್ ಸಿಗ್ತದೆ?" ಎಂದು ಕೇಳಿ ಹೋದರು.

ಮೊದಲ ದಿನ ಮಾವ ಅತ್ತೆಯನ್ನು ಕುರ್ಚಿ ಹಾಕಿ ಹಂಡೆಯ ಪಕ್ಕದಲ್ಲೇ ಕೂರಿಸಿದರು, ಊದುಕೊಳವೆಯನ್ನು ನನ್ನ ಕೈಗೆ ಕೊಟ್ಟರು. ಬೇಲಿ ಪಕ್ಕದ ಸೌದೆ ರಾಶಿಯಿಂದ ಕಪ್ಪು ಅಂಟು ಒಸರಿದ್ದ ಒಂದು ಕೊರಡು ಆರಿಸಿ, "ಎಣ್ಣೆ ಇರೋ ಮರ. ಘಮ ಜಾಸ್ತಿ" ಎಂದು ಒಳಗಿಟ್ಟರು. ಘಮವೇನೂ ಬರಲಿಲ್ಲ, ಕಣ್ಣುರಿ ಬಂತು. ಸಂಜೆಯ ಹೊತ್ತಿಗೆ ಮೂವರ ಮುಖವೂ ಊದಿ ಹಲಸಿನ ಹಣ್ಣಾಗಿತ್ತು. ಮೀನನ್ನು ಬೆಕ್ಕು ಕೂಡ ಮೂಸಲಿಲ್ಲ.

ಗದ್ದೆ ಕೆಲಸಕ್ಕೆ ಬರುವ, ಕಾಡಂಚಿನ ಹಾಡಿಯ ಅಜ್ಜಿ ಉಳಿದ ಕೊರಡು ನೋಡಿ ತಲೆ ಚಚ್ಚಿಕೊಂಡಳು. "ಚೇರು ಮರ ಸುಟ್ಟೀರಲ್ಲ ಗೌಡ್ರೆ. ಮುಟ್ಟಿದ್ರೇ ಮೈ ಊದ್ತದೆ, ನೀವು ಹೊಗೆ ಕುಡಿದೀರಿ. ಹೋಗಿ ತಾರೆ ಮರಕ್ಕೆ ಸುತ್ತು ಹಾಕಿ."

ನಮ್ಮ ಕಡೆ ಅದೇ ಮದ್ದು. ಚೇರು ಮಾಡಿದ ತಪ್ಪನ್ನು ತಾರೆ ತೀರಿಸಬೇಕು. ಮುಂದೆ ಮಾವ, ಹಿಂದೆ ಅತ್ತೆ, ಅವರ ಹಿಂದೆ, ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಪಾಠ ಹೇಳುವ ನಾನು! "ಚೇರು ಮಾಡಿದ್ದನ್ನ ತಾರೆ ತೀರಿಸು" ಎನ್ನುತ್ತ ಮೂರು ಸುತ್ತು ಬಂದೆವು. ಎರಡನೇ ಸುತ್ತಿನಲ್ಲಿ ಅತ್ತೆ ಮಾವನ ಮುಖ ನೋಡಿ ನಗತೊಡಗಿದವರು ಮರ ಹಿಡಿದುಕೊಂಡು ಕೂತೇಬಿಟ್ಟರು. ಜ್ವರ ಬಂದ ಮೇಲೆ ಅವರು ನಕ್ಕದ್ದು ಅವತ್ತೇ. ಮಾವ ಮಾತ್ರ ಗಂಭೀರವಾಗಿ ಲೆಕ್ಕ ಮುಗಿಸಿದರು.

ಬಾವು ಇಳಿಯಲು ಒಂದು ವಾರ ಹಿಡಿಯಿತು. ಮುಂದಿನ ಭಾನುವಾರ ಅಜ್ಜಿಯ ಅಪ್ಪಣೆ ಪಡೆದು, ಒಣಗಿದ ಕಾಫಿ ಕೊರಡು ಇಟ್ಟರು. ಬೆಳಗಿನಿಂದ ಮಧ್ಯಾಹ್ನದವರೆಗೆ ಮಾವ ಹಂಡೆ ಬಿಟ್ಟು ಕದಲಲಿಲ್ಲ. ಮುಚ್ಚಳ ತೆಗೆದಾಗ ಮೀನು ಹೊಂಬಣ್ಣಕ್ಕೆ ತಿರುಗಿತ್ತು. ವಾಸನೆ ಬೇಲಿ ಹಾರಿ ನಮ್ಮ ಮನೆಗೂ ನುಗ್ಗಿತ್ತು. ಮಾವ ತಟ್ಟೆಯನ್ನು ಅತ್ತೆಯ ಮೂಗಿನ ಕೆಳಗೆ ಹಿಡಿದರು.

"ಬಂತಾ?"

ಅತ್ತೆ ಕಣ್ಣು ಮುಚ್ಚಿ ಉಸಿರೆಳೆದರು. "ಹ್ಞೂಂ. ಬಂತು. ನಮ್ಮ ಅಮ್ಮನ ಒಲೆಯದ್ದೇ ವಾಸನೆ" ಎಂದು ಒಂದು ತುಂಡು ತಿಂದರು. ಇನ್ನೊಂದು ಕೇಳಿದರು.

ಮಾವ ಕೈ ತೊಳೆಯಲು ಹೋದಾಗ ಅತ್ತೆಯ ಪಕ್ಕ ಕೂತು ಕೇಳಿದೆ, "ನಿಜವಾಗ್ಲೂ ಬಂತಾ ಅತ್ತೆ?"

"ಎಲ್ಲಿ ಬರ್ತದೆ ಮೋಳೆ. ಅವರಿಗೆ ಹೇಳ್ಬೇಡ. ಮುಖ ಅಷ್ಟು ಊದಿಸಿಕೊಂಡು ಮಾಡಿದಾರೆ."

ಎದ್ದು ಹೊರಗೆ ಬಂದೆ. ಮಾವ ಹಂಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೂದಿ ಬಾಚುತ್ತಿದ್ದರು. ಅಭಿನಂದನೆ ಹೇಳೋಣವೆಂದು ಬಾಯಿ ತೆರೆದೆ. ಅವರು ತಲೆ ಎತ್ತದೆ ಮೆಲ್ಲಗೆ ಅಂದರು:

"ಅವಳಿಗೆ ವಾಸನೆ ಬರ್ಲಿಲ್ಲ ಮೋಳೆ. ಸುಳ್ಳು ಹೇಳುವಾಗ ಅವಳು ಕಣ್ಣು ಮುಚ್ತಾಳೆ, ನಂಗೊತ್ತು. ನಂಗೆ ಗೊತ್ತಾಯ್ತು ಅಂತ ಹೇಳ್ಬೇಡ. ಎರಡು ತುಂಡು ತಿಂದ್ಲಲ್ಲ, ಸಾಕು."