ಅತ್ತೆಗೆ ಓದಿ ಹೇಳುವ ಯಂತ್ರ

ಇವತ್ತು ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಇವರ ಡಬ್ಬಿ ತುಂಬಿ, ಇವರನ್ನು ಲೋಕಲ್ ಟ್ರೈನಿಗೆ ಓಡಿಸಿ, ಮೇಲಿನ ಮಹಡಿಯ ಸೋದರಮಾವನ ಮನೆಗೆ ನೀರುದೋಸೆ ಒಯ್ದೆ. ಇಡೀ ಠಾಕುರ್ಲಿಯಲ್ಲಿ ರೆಡಿಮೇಡ್ ಇಡ್ಲಿಹಿಟ್ಟನ್ನೂ ರೆಡಿಮೇಡ್ ಸಾಫ್ಟ್‌ವೇರನ್ನೂ ಒಂದೇ ತಿರಸ್ಕಾರದಿಂದ ನೋಡುವ ಮನುಷ್ಯರಿದ್ದರೆ ಅವರು ನಮ್ಮ ಮಾವ ಮಾತ್ರ!

ಡೊಂಬಿವಲಿಯ ಹೋಟೆಲನ್ನು ಅಳಿಯನಿಗೆ ಒಪ್ಪಿಸಿದ ಮೇಲೆ ಮಾವ ಕಂಪ್ಯೂಟರ್ ಹಿಡಿದರು. ಪ್ರತಿಯೊಂದು ಪ್ರೋಗ್ರಾಮನ್ನೂ ಮೂಲದಿಂದ ತಾವೇ ರುಬ್ಬಿ ಕಟ್ಟಬೇಕು. ಹಗಲುರಾತ್ರಿ ಓಡುವ ಆ ಪೆಟ್ಟಿಗೆಯ ಬಿಸಿಗೆ ಅತ್ತೆ ಹಪ್ಪಳ ಒಣಗಿಸಿದ್ದು ಖಂಡಿತ ಸುಳ್ಳಲ್ಲ!

ಈಗ ಅತ್ತೆಗೆ ಕಣ್ಣಿನ ಆಪರೇಷನ್ ಆಗಿದೆ, ಓದುವಂತಿಲ್ಲ. ಕಾದಂಬರಿ ಅರ್ಧಕ್ಕೆ ನಿಂತಿದೆ. "ಆ ಹುಡುಗಿ ಅವನನ್ನು ಒಪ್ಪಿದಳಾ ಇಲ್ಲವಾ ಗೊತ್ತಾಗದೆ ನನಗೆ ಊಟ ಸೇರುದಿಲ್ಲ" ಎಂದು ಅವರ ಗೋಳು. ಪುಟದ ಫೋಟೊ ತೆಗೆದು ಗಟ್ಟಿಯಾಗಿ ಓದುವ ಪ್ರೋಗ್ರಾಮನ್ನು ಇವತ್ತು ಸಂಜೆಯೊಳಗೆ ಕಟ್ಟಿಕೊಡುವುದಾಗಿ ಮಾವನ ಭಾಷೆ.

"ಮೊಬೈಲಿನಲ್ಲಿ ಆ್ಯಪ್ ಇಲ್ಲವಾ ಮಾವ?"

"ಅದು ಓದುದಾ? ಪ್ಲಾಟ್‌ಫಾರ್ಮಿನ ಅನೌನ್ಸ್‌ಮೆಂಟ್ ಮಾರಾಯ್ತಿ!"

"ಹಾಗಾದ್ರೆ ನೀವೇ ಓದಿ."

"ನಾನಾ? ಹೋಟೆಲಿನ ಗಲ್ಲೆಯಲ್ಲಿ ಕೂತು ಬಿಲ್ಲು ಕೂಗಿದ ಗಂಟಲು ಇದು! ಇದರಲ್ಲಿ ಪ್ರೇಮದ ಮಾತು ಬರ್ತದಾ?"

ಆದರೆ ಕಂಪ್ಯೂಟರಿನ ಪರದೆಯ ತುಂಬ ತಪ್ಪುಗಳ ಸಾಲು. ಮಾವನ ಮುಖ ಹುಳಿ ಬಂದ ಹಿಟ್ಟು.

ಅವರೇ ನನಗೆ ಎಷ್ಟು ಸಲ ಪಾಠ ಹೇಳಿಲ್ಲ! ಕಂಪ್ಯೂಟರಿನೊಳಗೆ ಎಲ್ಲವನ್ನೂ ನಡೆಸುವ ಕರ್ನೆಲ್ ಎಂದರೆ ಹೋಟೆಲಿನ ಕಿಚನ್. ಅಲ್ಲಿ ಏನೇನು ಸಿಗುತ್ತದೆಂದು ಹೇಳುವ ಮೆನು ಕಾರ್ಡೇ ಹೆಡರ್. ಸಿ ಲೈಬ್ರರಿ ಎಂದರೆ ಸಪ್ಲಾಯರ್. ಹೊರಗೆ ಟೇಬಲ್ಲಿಗೆ ಕೂತ ಪ್ರೋಗ್ರಾಮು, ಸಪ್ಲಾಯರ್ ಯಾವ ಕಾರ್ಡು ನೋಡಿ ಕಲಿತಿದ್ದಾನೋ ಅದನ್ನೇ ನೋಡಿ ಆರ್ಡರ್ ಕೊಡಬೇಕು. ಕಿಚನ್ನಿಗೆ ಹೊಸ ಭಟ್ಟರು ಬಂದರೆಂದು ಅವರ ಹೊಸ ಕಾರ್ಡು ಹಿಡಿದು ಕೂಗಿದರೆ ಸಪ್ಲಾಯರ್ ಕಕ್ಕಾಬಿಕ್ಕಿ!

"ಹೊಸ ಕರ್ನೆಲ್ ಬಂದಿತ್ತು" ಎಂದು ಮಾವ ಪಿಸುಗುಟ್ಟಿದರು. "ಆಸೆ ತಡೆಯಲಿಲ್ಲ. ಹಳೆ ಹೆಡರ್ ತೆಗೆದು ಅದರದ್ದೇ ಹಾಕಿಬಿಟ್ಟೆ. ಇನ್ನು ಎಲ್ಲ ಮೊದಲಿನಿಂದ ರುಬ್ಬಬೇಕು. ನಾಳಿದ್ದಿನವರೆಗೆ ಆಗುದಿಲ್ಲ."

ಉಪದೇಶ ಊರಿಗೆಲ್ಲ! ನಾನು ನಗು ನುಂಗಿದೆ.

ಒಳಕೋಣೆಯಿಂದ ಅತ್ತೆ ಕೇಳಿದರು: "ಆಯ್ತಾ ನಿಮ್ಮದು?"

"ಆಯ್ತು, ಆಯ್ತು! ಸಂಜೆಗೆ ಓದ್ತದೆ!" ಎಂದುಬಿಟ್ಟರು ಮಾವ. ನನ್ನ ಮುಖ ಮಾತ್ರ ನೋಡಲಿಲ್ಲ.

ಅತ್ತೆ ಇವತ್ತೂ ಉಣ್ಣುವುದಿಲ್ಲವೇನೋ ಎಂಬ ಚಿಂತೆಯಲ್ಲೇ ಸಂಜೆಯಾಯಿತು. ಸಾರು ಹಿಡಿದು ಮೆಟ್ಟಿಲು ಹತ್ತುವಾಗ, ಮಾವನ ಪಕ್ಕದ ಮನೆಯ ಹುಬ್ಬಳ್ಳಿ ವೈನಿ ಕಸದ ಬುಟ್ಟಿ ಹಿಡಿದು ಇಳಿಯುತ್ತಿದ್ದರು.

"ನಿಮ್ಮ ಮಾಮಾರ ಕಂಪ್ಯೂಟರ್ ಭಾಳ ಛಲೋ ಓದತೈತಿ ನೋಡ್ರಿ" ಎಂದರು. "ನಡುನಡುವ ಕೆಮ್ಮತೈತಿ ಸುದ್ದಾ!"