ತುಟಿ ಬಿಚ್ಚದ ನಡಿಗೆ

"ಚಹಾಕ್ಕೆ ಸಕ್ಕರೆ ಸಾಕಾ?" ಎಂದು ಹೆಂಡತಿ ಕೇಳಿದ್ದಕ್ಕೆ ಅವನು, "ನಾಲ್ಕನೇ ಪ್ಲಾಟ್‌ಫಾರಂ, ಸ್ವಲ್ಪ ತಡ ಇದೆ" ಎಂದುಬಿಟ್ಟ. ರಾದ್ಧಾಂತಕ್ಕೆ ಅಷ್ಟೇ ಸಾಕಾಯಿತು.

ರೈಲು ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತು, ಬಂದವರಿಗೆಲ್ಲ ಉತ್ತರ ಕೊಟ್ಟೂ ಕೊಟ್ಟೂ ಅವನ ತಲೆ ಕೆದಕಿದ ಜೇನುಗೂಡಿನಂತಾಗಿತ್ತು. ಹೆಂಡತಿ ಗಾಬರಿಯಿಂದ ತಮ್ಮನಿಗೆ ಫೋನು ಮಾಡಿದಳು. ಈ ಭಾಮೈದನೋ, ಬೇಡವೆಂದರೂ ಉಪಕಾರ ಮಾಡಿಯೇ ತೀರುವ ಪೈಕಿ. ಭಾನುವಾರ ಬೆಳಕು ಹರಿಯುವಾಗಲೇ ಬಾಗಿಲಲ್ಲಿ ನಿಂತಿದ್ದ.

"ಭಾವ, ಹೊರಡಿ. ಊರಾಚೆ ಮೌನ ನಡಿಗೆ ಅಂತ ಮಾಡ್ತಾರೆ. ಒಬ್ಬ ಗೈಡು, ಹಿಂದೆ ನಮ್ಮಂಥ ಹೊಸಬರು ಒಂದಷ್ಟು ಜನ. ಯಾರೂ ತುಟಿ ಬಿಚ್ಚೋ ಹಾಗಿಲ್ಲ."

"ಯಾರೂ ಏನೂ ಕೇಳಲ್ವಾ?"

"ಕೆಮ್ಮೋಕೂ ಯೋಚನೆ ಮಾಡ್ಬೇಕು."

ಅವನು ಎರಡೇ ನಿಮಿಷದಲ್ಲಿ ಬೂಟು ಹಾಕಿಕೊಂಡ.

ಗೈಡು ಒಬ್ಬ ಬಡಕಲು ಮುದುಕ. "ಏನೇ ಆಗ್ಲಿ, ಸದ್ದು ಮಾತ್ರ ಬೇಡ," ಎಂದಷ್ಟೇ ಹೇಳಿ ಮುಂದೆ ನಡೆದ. ಬುತ್ತಿ, ನೀರಿನ ಚೀಲ ಹೆಗಲಿಗೇರಿಸಿ ಎಲ್ಲರೂ ಹಿಂಬಾಲಿಸಿದರು. ಹೊಲದ ಬದು, ತಣ್ಣನೆ ಗಾಳಿ, ಎಲ್ಲೋ ಒಂದು ಹಕ್ಕಿ. ಆ ಹಕ್ಕಿ ಕೂಡ ಅವನನ್ನು ಏನೂ ಕೇಳುತ್ತಿರಲಿಲ್ಲ. ಸುಖವನ್ನು ಚಪ್ಪರಿಸುತ್ತ ಅವನು ಸಾಲಿನ ಕೊನೆಯಲ್ಲಿ ಉಳಿದ.

ಕತ್ತಿನ ಮೇಲೆ ಬಿಸಿಯುಸಿರು ತಾಗಿತು. ಭಾಮೈದನಿರಬೇಕೆಂದು ತಿರುಗಿದರೆ, ಸೈಕಲ್ಲಿನ ಹ್ಯಾಂಡಲ್ಲಿನಂಥ ಕೊಂಬಿನ ಹೋರಿ!

ಕೂಗುವಂತಿಲ್ಲ. ಮುಂದಿದ್ದ ನಿವೃತ್ತ ಮೇಷ್ಟರ ಬೆನ್ನು ತಟ್ಟಿ, ತಲೆಯ ಮೇಲೆ ಎರಡು ಬೆರಳು ಕೊಂಬಿನಂತೆ ಇಟ್ಟು ತೋರಿಸಿದ. ಮೇಷ್ಟರು ಇದೊಂದು ವ್ಯಾಯಾಮವೆಂದುಕೊಂಡು ತಾವೂ ಬೆರಳಿಟ್ಟರು. ಅವರನ್ನು ನೋಡಿ ಅವರ ಮುಂದಿನವರು, ಅವರನ್ನು ನೋಡಿ ಭಾಮೈದ. ಇವನು ಗಾಬರಿಯಿಂದ ಕೈ ಬೀಸಿದ. ಎಲ್ಲರೂ ಶಿಸ್ತಾಗಿ ಕೈ ಬೀಸಿದರು. ಅಷ್ಟರಲ್ಲಿ ಒದ್ದೆ ಮೂತಿಯೊಂದು ಅವನ ಕಾಲರಿನೊಳಗೆ ನುಗ್ಗಿತು.

"ಹೋರೀ! ಓಡ್ರೀ!"

ವಿಚಾರಣೆ ಕಿಟಕಿಯ ಗಾಜಿನಾಚೆಯ ಗದ್ದಲಕ್ಕೆ ಪಳಗಿದ ಗಂಟಲು. ಜನ ಚೀಲಗಳನ್ನು ಬಿಸಾಡಿ ದಿಕ್ಕಾಪಾಲಾದರು. ಅವರೆಲ್ಲರಿಗಿಂತ ಜೋರಾಗಿ, ಬಾಲ ಎತ್ತಿಕೊಂಡು, ಹೋರಿಯೇ ಓಡಿತು.

ಗೈಡು ಮಾತ್ರ ಅಲ್ಲಾಡದೆ ನಿಂತಿದ್ದ.

"ಅದು ನಮ್ಮನೇದು ಕಣ್ರೀ! ಪ್ರತಿ ವಾರ ಹಿಂದೆ ಬರುತ್ತೆ. ಮಗೂನಂಥದ್ದು, ಸದ್ದಿಗೆ ಹೆದರುತ್ತೆ. ಈ ಮೌನ ಗೀನ ಎಲ್ಲ ಅದಕ್ಕೋಸ್ಕರ ಮಾಡಿದ್ದು. ನಿಮ್ಮ ನೆಮ್ಮದಿಗೆ ಅಂದ್ಕೊಂಡ್ರಾ?"

ಎಲ್ಲರೂ ಅವನನ್ನು ಕಟುಕನನ್ನು ನೋಡುವಂತೆ ನೋಡಿದರು. ಮಧ್ಯಾಹ್ನವಿಡೀ ಹೊಲ, ಬೇಲಿ, ಪೊದೆ ಹುಡುಕಾಯಿತು. ಅದೂ ಕೂಗದೆ, ತುದಿಗಾಲಲ್ಲಿ. ಸಂಜೆ ಹೊತ್ತಿಗೆ ಹಳ್ಳದ ಪಕ್ಕದ ಮರದ ನೆರಳಲ್ಲಿ ಮೆಲುಕು ಹಾಕುತ್ತ ಸಿಕ್ಕಿತು. ಒಬ್ಬರು ಮೈ ಸವರಿದರು, ಒಬ್ಬರು ನೊಣ ಓಡಿಸಿದರು. ಹುಡುಕಾಟದಲ್ಲಿ ಬಿದ್ದು ಮೊಣಕಾಲು ತರಚಿಕೊಂಡ ಅವನನ್ನು ಯಾರೂ ಕೇಳಲಿಲ್ಲ.

ಗೈಡು ಚೀಲಗಳನ್ನೆಲ್ಲ ಒಟ್ಟುಮಾಡಿ ಹಗ್ಗ ಬಿಗಿದ.

"ವಾಪಸ್ಸು ಹೋಗುವಾಗ ಇವನ್ನೆಲ್ಲ ಇದರ ಬೆನ್ನಿಗೇ ಹೇರೋದು ನಮ್ಮ ರೂಢಿ," ಎಂದು ಹೋರಿಯ ಕತ್ತಿನಡಿ ಜೋಲುವ ಗಂಗೆದೊಗಲು ನೇವರಿಸಿದ. "ಇವತ್ತು ಪಾಪ, ಅದರ ಎದೆ ಇನ್ನೂ ಹೊಡ್ಕೋತಿದೆ."

ಭಾಮೈದ ಕನಿಕರದಿಂದ ತಲೆಯಾಡಿಸಿ, ಗಂಟನ್ನು ಎರಡೂ ಕೈಯಲ್ಲಿ ಎತ್ತಿದ.

"ಸ್ವಲ್ಪ ಬಗ್ಗಿ, ಭಾವ."