ಮೆಣಸಿನಕಾಯಿ ಚೀಲದ ಕ್ಯಾಂಪ್‌ಫೈರ್

ನನ್ನ ತಪ್ಪನ್ನು ತಮ್ಮ ತನ್ನ ತಲೆಯ ಮೇಲೆ ಹಾಕಿಕೊಂಡಾಗ "ಅವನಲ್ಲ, ನಾನು" ಅನ್ನಬೇಕಿತ್ತು. ಎರಡೇ ಮಾತು. ಅನ್ನಲಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಾದರೂ ಮಾತಿಗೆ ನನಗೆ ಎಂದೂ ಕೊರತೆಯಿಲ್ಲ. ಹಿಂದೂಪುರದ ಮೆಣಸಿನಕಾಯಿ ಮಂಡಿಯಲ್ಲಿ ತೊಟ್ಟು ಬಿಡಿಸುವ ಹೆಂಗಸರಲ್ಲೆಲ್ಲ ದೊಡ್ಡ ಬಾಯಿ ನನ್ನದೇ. ಅವತ್ತು ಮಾತ್ರ ಆ ಬಾಯಿಗೆ ರಜೆ!

ತಮ್ಮ ತಿಪ್ಪೇಶ ಕಲ್ಯಾಣದುರ್ಗದಲ್ಲಿ ಹುಡುಗ ಹುಡುಗಿಯರದೊಂದು ಸಂಘ ನಡೆಸುತ್ತಾನೆ. ಭಾನುವಾರ ಆಟ, ಹಾಡು, ಓದು. ಮನೆಮನೆಗೆ ಅಲೆದು, ತಾಯಂದಿರನ್ನು ಒಪ್ಪಿಸಿ, ಎಂಟು ಹುಡುಗಿಯರನ್ನು ಸೇರಿಸಿದ್ದ. ಸಂಜೆ ಕ್ಯಾಂಪ್‌ಫೈರ್ ಎಂದಾಗ ಆ ತಾಯಂದಿರು ಹಿಂದೆ ಸರಿದರು. "ನಮ್ಮಕ್ಕ ಜತೇಲಿರ್ತಾಳೆ" ಎಂದು ಮಾತು ಕೊಟ್ಟು ನನಗೆ ಫೋನ್ ಮಾಡಿದ.

"ಅಕ್ಕಾ, ಬೆಂಕಿ ಸುತ್ತ ಏನೇನು ಮಾಡ್ಬೇಕು ಅಂತ ನೀನೇ ಗೊತ್ತು ಮಾಡು. ಎಲ್ಲಾರೂ ಹಾಡೋ ಹಾಡಿರ್ಲಿ. ಯಾರನ್ನೂ ಆಡ್ಕೊಳ್ಳೋದು ಬ್ಯಾಡ. ಸೌದೆ ಮೊದ್ಲೇ ಹಚ್ಚಿ, ಹೊಗೆ ಹೋದ್ಮ್ಯಾಕೆ ಮಕ್ಕಳನ್ನ ಕೂರ್ಸು."

"ಬೆಂಕಿ ಹಚ್ಚೋದು ನಂಗೆ ಹೇಳ್ಕೊಡ್ತೀಯೇನ್ಲಾ?" ಎಂದೆ.

ಪಕ್ಕದಲ್ಲಿದ್ದ ನಮ್ಮ ಯಜಮಾನರು, "ಅವ್ನು ಹೇಳೋದನ್ನ ಒಸಿ ಕೇಳ್ಸ್ಕೊಳ್ಳೆ" ಎಂದರು. ಕೇಳಿಸಿಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಕಾರ್ಯಕ್ರಮದ ರೂಪುರೇಷೆಯನ್ನು ಸಕಲ ಗಾಂಭೀರ್ಯದಿಂದ ಸಿದ್ಧಪಡಿಸಿದೆ. ಅದರಲ್ಲಿದ್ದದ್ದು ಒಂದೇ ಅಂಶ: ನನ್ನ ಹಾಡು. ಮಕ್ಕಳು ಮಣ್ಣಲ್ಲಿ ಕೂರಬಾರದೆಂದು ಮಂಡಿಯ ಹರಿದ ಚೀಲಗಳನ್ನು ಕಟ್ಟಿಕೊಂಡು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಅಕ್ಕಪಕ್ಕದವರೆಲ್ಲ ಸೀನುತ್ತಿದ್ದರು. ಪಾಪ, ಎಲ್ಲರಿಗೂ ನೆಗಡಿ ಅಂದುಕೊಂಡೆ! ಹದಿನೆಂಟು ವರ್ಷ ಮೆಣಸಿನಕಾಯಿ ರಾಶಿಯ ನಡುವೆ ಕೂತ ಮೂಗು ನನ್ನದು. ಘಾಟು ಅದಕ್ಕೆ ತಿಳಿಯುವುದೇ ಇಲ್ಲ.

ಸಂಜೆ ಸಂಘದ ಮುಂದಿನ ಬಯಲಲ್ಲಿ ಮಕ್ಕಳು ಚೀಲಗಳ ಮೇಲೆ ಕೂತರು. ತಿಪ್ಪೇಶ ಬೇಯಿಸಿದ ಕಡಲೆಕಾಯಿ ತರಲು ಹೋದ. ಸೌದೆ ಮೊದಲೇ ಹಚ್ಚುವುದು ನನಗೆ ಮರೆತೇ ಹೋಗಿತ್ತು. ಆಗ ಹಚ್ಚಿದೆ. ಹಸಿ ಸೌದೆ, ಮಿಣಮಿಣ ಅಂದಿತು. ಇರಲಿ ಎಂದು ಹಾಡು ಶುರು ಮಾಡಿದೆ.

ನನಗೆ ಬರುವುದು ಮದುವೆ ಮನೆಯಲ್ಲಿ ಬೀಗರನ್ನು ಆಡಿಕೊಳ್ಳುವ ಹಾಡುಗಳು ಮಾತ್ರ. ಬಯಲಲ್ಲಿ ಬೀಗರೆಲ್ಲಿ? ಮುಂದೆ ಕೂತಿದ್ದ ಭಾಗ್ಯ ಎಂಬ ಹುಡುಗಿಯ ಹೆಸರನ್ನೇ ಬೀಗಿತ್ತಿಯ ಜಾಗಕ್ಕೆ ಸೇರಿಸಿ, ಅವಳ ಮೂಗು, ನಡಿಗೆ, ಅಡುಗೆ ಎಲ್ಲವನ್ನೂ ಹಾಡಿದೆ. ಅವಳ ಮುಖ ಸಣ್ಣಗಾಯಿತು. ಮಿಕ್ಕವರು ಕೂತಲ್ಲೇ ಮಿಸುಕಾಡತೊಡಗಿದರು. ತಾಳಕ್ಕೆ ಕುಣಿಯುತ್ತಿದ್ದಾರೆಂದು ನನಗೆ ಇನ್ನಷ್ಟು ಹುರುಪು!

"ಅಕ್ಕಾ, ಈ ಚೀಲದ ಮ್ಯಾಲೆ ಕೂರಾಕಾಗಲ್ಲ, ಮೈಯೆಲ್ಲ ಕೆರೀತೈತೆ" ಎಂದಳು ಭಾಗ್ಯ.

"ಹಂಗಾರೆ ಏಳ್ರಮ್ಮಾ" ಎಂದೆ. ಎದ್ದರು. ಚೀಲಗಳು ಖಾಲಿಯಾದವು. ಬೆಂಕಿಯೂ ಹತ್ತುತ್ತಿರಲಿಲ್ಲ. ನನ್ನ ಬುದ್ಧಿ ಮಿಂಚಿನಂತೆ ಓಡಿತು. ಮಕ್ಕಳು ಅತ್ತ ತಿರುಗಿ ಮೈ ಕೊಡವಿಕೊಳ್ಳುತ್ತಿದ್ದಾಗ ಅಷ್ಟೂ ಚೀಲಗಳನ್ನು ಬೆಂಕಿಗೆ ಹಾಕಿದೆ.

ಭಗ್ಗೆಂದು ಉರಿಯಿತು. ಚಪ್ಪಾಳೆ! ಮರುಕ್ಷಣ ಕೆಮ್ಮು. ಹೊಲಿಗೆಗಳಲ್ಲಿ ಸೇರಿಕೊಂಡಿದ್ದ ಬೀಜ, ಪುಡಿ ಎಲ್ಲ ಹೊಗೆಯಾಗಿ ಎದ್ದಿತ್ತು. ಗಾಬರಿಯಲ್ಲಿ ನೀರು ಸುರಿದೆ. ಹೊಗೆ ಎರಡರಷ್ಟಾಯಿತು! ಮಕ್ಕಳು ಕಣ್ಣುಜ್ಜಿಕೊಳ್ಳುತ್ತ ಓಡಿದ ರಭಸಕ್ಕೆ, ಬೇಲಿ ಅಡ್ಡ ಇಲ್ಲದಿದ್ದರೆ ದೂರದ ಪೆನುಕೊಂಡ ಊರನ್ನೇ ಸೇರುತ್ತಿದ್ದರು.

ಭಾಗ್ಯಳ ತಾಯಿ ಓಬುಳಮ್ಮನ ಮನೆ ಬಯಲಿನ ಪಕ್ಕದಲ್ಲೇ. ಮೂಗಿಗೆ ಸೆರಗು ಮುಚ್ಚಿಕೊಂಡು ಬಂದಳು. "ಎವರಮ್ಮಾ, ಯಾರು ಹಾಕಿದ್ದು ಇದನ್ನ ಬೆಂಕಿಗೆ? ನನ್ ಕೂಸಿನ ಕಣ್ ನೋಡ್ರಿ, ಕುಂಕುಮ ಆಗೈತೆ!"

ಕಡಲೆಕಾಯಿ ಪಾತ್ರೆ ಹೊತ್ತು ಓಡಿಬಂದ ತಿಪ್ಪೇಶ ನನ್ನ ಮುಖ ನೋಡಿದ. "ನಂದೇ ತಪ್ಪಮ್ಮಾ, ನಾನು ನೋಡ್ಕೋಬೇಕಿತ್ತು" ಎಂದ.

"ನಿನ್ನ ನಂಬಿ ಕಳ್ಸಿದ್ವಲ್ಲಪ್ಪಾ!"

ಅವನು ತಲೆ ತಗ್ಗಿಸಿದ. ಅಲ್ಲಿ ಕೆಮ್ಮದೆ ನಿಂತವಳು ನಾನೊಬ್ಬಳೇ. ಅದರಿಂದಲೇ ಸಿಕ್ಕಿಬೀಳುತ್ತೇನೆಂದು ಹೆದರಿ ನಾನೂ ಕೆಮ್ಮಿದೆ. ಬಗ್ಗಿ, ಎದೆ ಹಿಡಿದುಕೊಂಡು, ಎಲ್ಲರಿಗಿಂತ ಚೆನ್ನಾಗಿ ಕೆಮ್ಮಿದೆ. ಓಬುಳಮ್ಮನೇ ಮರುಗಿ ನೀರು ತಂದುಕೊಟ್ಟಳು. ಕುಡಿದೆ!

ಮುಂದಿನ ಭಾನುವಾರ ಫೋನ್ ಮಾಡಿ, "ಎಷ್ಟು ಜನ ಬಂದಿದ್ರೋ?" ಎಂದೆ.

"ಹುಡುಗ್ರು ಬಂದಿದ್ರು."

"ಹುಡುಗೀರು?"

"ಒಬ್ರೂ ಬರ್ಲಿಲ್ಲ. ಇರ್ಲಿ ಬಿಡಕ್ಕ. ನೀನು ಉಂಡ್ಯಾ?"

ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಅವನು ಊಟ ಕೇಳಿದ. ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಕೂತೆ. "ಬೆಳಿಗ್ಗೆ ಮೊದ್ಲ ಬಸ್ಸಿಗೆ ಹೋಯ್ತೀಯೋ, ತಟ್ಟೆ ಮುಂದೆ ಹಿಂಗೇ ಕೂತಿರ್ತೀಯೋ?" ಎಂದರು, ನಡೆದದ್ದೆಲ್ಲ ನನ್ನಿಂದಲೇ ಕೇಳಿದ್ದ ಯಜಮಾನರು.

ಹೋದೆ. ದಾರಿಯುದ್ದಕ್ಕೂ ದೊಡ್ಡ ಭಾಷಣ ಕಟ್ಟಿಕೊಂಡೆ. ಓಬುಳಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು, ಪಕ್ಕದಲ್ಲಿ ಭಾಗ್ಯ. ತಿಪ್ಪೇಶ ನನ್ನ ಹಿಂದೆಯೇ ಬಂದು, "ಬ್ಯಾಡ ಬಾರಕ್ಕ, ಮುಗ್ದೋಯ್ತು" ಎಂದು ಕೈ ಜಗ್ಗಿದ. ಓಬುಳಮ್ಮ ತಲೆಯೆತ್ತಿ, "ಏಮಿ, ಏನಮ್ಮಾ?" ಎಂದಳು. ಭಾಷಣವೆಲ್ಲ ಎಲ್ಲಿಗೋ ಹೋಯಿತು.

"ಓಬುಳಮ್ಮಾ, ಚೀಲ ಸುಟ್ಟೋಳು ನಾನು, ಇವನಲ್ಲ. ನನ್ ಕೆಮ್ಮೂ ಸುಳ್ಳು. ಭಾಗ್ಯಾ, ನಿನ್ನ ಆಡ್ಕೊಂಡು ಹಾಡ್ಬಾರ್ದಿತ್ತು ಕಣಮ್ಮಾ." ಆಮೇಲೆ ತಮ್ಮನ ಕಡೆ ತಿರುಗಿದೆ. ಅವನ ಮುಖ ನೋಡಿ ಹೇಳುವುದೇ ಕಷ್ಟವಾಯಿತು.

"ತಿಪ್ಪೇಶಾ, ನೀನು ತಲೆ ತಗ್ಸಿ ಬೈಸ್ಕೊಳ್ತಿದ್ರೆ ನಾನು ನೀರು ಕುಡ್ಕೊಂಡು ನಿಂತಿದ್ದೆ. ತಪ್ಪಾಯ್ತು ಕಣಪ್ಪಾ."